ಗೋಡೆಯ ಮೇಲೆ ನೆಬಿಸಮ್ಮನ ಗದ್ದ

ಆ ಭಾನುವಾರ ಬೆಳಿಗ್ಗೆ ನಮ್ಮ ಹಿತ್ತಲಿನಲ್ಲಿ ಮೂರು ಜನ ಇದ್ದೆವು. ನಾನು, ನನ್ನ ಹೆಂಡತಿ ಸುಮತಿ, ಮೀಂಜದಿಂದ ಬಂದಿದ್ದ ಅವಳ ಅಣ್ಣ ಸಂಜೀವ ಬಾವ. ನಾವಲ್ಲದೆ ಕಾಂಪೌಂಡ್ ಗೋಡೆಯ ಮೇಲೆ ನೆರೆಮನೆಯ ನೆಬಿಸಮ್ಮನ ಗದ್ದವೂ ಇತ್ತು. ಆಚೆ ಬದಿಯಲ್ಲಿ ಒಂದು ಮುರಕಲ್ಲು ಹತ್ತಿ ನಿಂತರೆ ಅವರ ಗದ್ದ ಸರಿಯಾಗಿ ಗೋಡೆಯ ಮೇಲೆ ಕೂರುತ್ತಿತ್ತು. ತಲೆಗೆ ಹೊದ್ದ ಬಿಳಿ ಬಟ್ಟೆಯ ತಟ್ಟ, ಎಲೆಅಡಿಕೆಯ ಕೆಂಪು ಬಾಯಿ. ಅಷ್ಟು ವರ್ಷ ಪಕ್ಕದಲ್ಲೇ ಇದ್ದರೂ ಅವರ ಮೈಯ ಉಳಿದ ಭಾಗವನ್ನು ನಾನು ಕಂಡದ್ದು ಕಡಿಮೆ.

ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿ ಮಧೂರು ರಸ್ತೆಯ ಎಂಟು ಸೆಂಟ್ಸ್ ಜಾಗದ ಮನೆಯಲ್ಲಿ ಕೂತಿದ್ದವನಿಗೆ ಮೊಬೈಲು ಒಂದು ಹೊಸ ಹುಚ್ಚು ಹಿಡಿಸಿತ್ತು. ಅಂಗೈಯಗಲದ ಜಾಗದಲ್ಲಿ ಅಕ್ಕಿಯಿಂದ ಅರಿಶಿನದವರೆಗೆ ಬೆಳೆದು ಪೇಟೆಗೆ ಬೆನ್ನು ಹಾಕಿದವರ ವೀಡಿಯೋಗಳು. ಅಡಿಕೆ, ತೆಂಗಿನ ನಡುವೆ ಹುಟ್ಟಿ ಬೆಳೆದ ಬಾವನ ಎದುರು ಆ ದಿನ ನಾನು ಎದೆ ಉಬ್ಬಿಸಿ ಹೇಳಿದೆ:

"ಇನ್ನು ಈ ಗೇಟಿನೊಳಗೆ ಪೇಟೆಯ ತರಕಾರಿ ಇಲ್ಲ. ಈ ಸಲ ಬಿಸು ಹಬ್ಬಕ್ಕೆ ದೇವರೆದುರು ಕಣಿ ಇಡುವ ಸೌತೆಕಾಯಿಯಿಂದ ಹಿಡಿದು ಎಲ್ಲವೂ ಇಲ್ಲಿಯದ್ದೇ. ಹೊರಗಿನ ಒಂದು ಎಲೆಯೂ ಬೇಡ."

"ನೋಡ್ಲಿಕ್ಕೆ ನಾನೇ ಬರ್ತೇನೆ ಬಾವ," ಎಂದು ಬಾವ ನಕ್ಕ. ಆ ನಗು ನನಗೆ ನಾಟಿತು.

ಗೋಡೆಯ ಮೇಲಿನ ಗದ್ದ ಅಲುಗಾಡಿತು. "ಉಪ್ಪು ಎಲ್ಲಿ ಬಿತ್ತುವುದು ಬಾಲಣ್ಣ?"

ನೆಬಿಸಮ್ಮನ ತಾತ್ಸಾರದಲ್ಲಿ ದರ್ಜೆಗಳಿದ್ದವು. ಸಣ್ಣ ಮೂರ್ಖತನಕ್ಕೆ ಮೂಗಿನಲ್ಲಿ ಒಂದು "ಹ್ಞೂಂ". ನಡುವಿನದ್ದಕ್ಕೆ "ಪಾಪ!" ಘನವಾದದ್ದಕ್ಕೆ ಎಲೆಅಡಿಕೆ ಉಗಿದು ಬಂದು ಮಾತು. ನನ್ನ ವಿಷಯದಲ್ಲಿ ಅವರು ದಿನವಿಡೀ ಉಗಿಯುತ್ತಿದ್ದರು. ನಾನು ಕೊಂಡ ಕೈಗವಸು ನೋಡಿ, "ಆಪರೇಷನ್ ಉಂಟಾ ಇವತ್ತು?" ಗಿಡಗಳಿಗೆ ಹೆಸರು ಬರೆದು ಚುಚ್ಚಿದ ಹಲಗೆ ನೋಡಿ, "ಬದನೆಗೆ ಓದ್ಲಿಕ್ಕೆ ಬರ್ತದಾ ಮಾರಾಯ?"

ಅವರದ್ದು ನಮಗಿಂತ ಸಣ್ಣ ಹಿತ್ತಲು. ಅಲ್ಲಿ ಏಳು ಕೋಳಿ, ಎರಡು ಆಡು, ನುಗ್ಗೆ, ಬಸಳೆ ಚಪ್ಪರ, ಸೌತೆಬಳ್ಳಿ. ಯಾವುದಕ್ಕೂ ಬೇಲಿ ಇರಲಿಲ್ಲ. ನಮ್ಮ ಕರಿಬೇವಿನಸೊಪ್ಪನ್ನು ಅವರು ಕೇಳದೆ ಕೊಯ್ಯುತ್ತಿದ್ದರು. ಅವರ ನುಗ್ಗೆಕಾಯಿ ಹೇಳದೆ ನಮ್ಮ ಜಗಲಿಗೆ ಬಂದು ಬೀಳುತ್ತಿತ್ತು. ಈ ಕೊಡು-ಕೊಳ್ಳುವುದನ್ನು ನಾನು ನಿಲ್ಲಿಸಿದೆ. ಅವರು ಕಳಿಸಿದ ನುಗ್ಗೆಯನ್ನು, "ಬೇಡ, ನಮ್ಮದೇ ಆಗ್ತದೆ," ಎಂದು ಸುಮತಿಯ ಕೈಯಲ್ಲಿ ಹಿಂದಕ್ಕೆ ಕಳಿಸಿದೆ. ಅವರು ಅದಕ್ಕೆ ಉಗಿಯಲಿಲ್ಲ. "ಮೋಳೇ, ನಿನ್ನ ಗಂಡನಿಗೆ ಜ್ವರವಾ?" ಎಂದು ಕೇಳಿದರಂತೆ.

ಅವರ ಕೋಳಿಗಳು ನನ್ನ ಸೌತೆಯ ಸಾಲನ್ನು ಎರಡು ಸಲ ಕೆದಕಿದವು. ನಾನು ಪೇಟೆಯಿಂದ ಸಣ್ಣ ಕಣ್ಣಿನ ಬಲೆ ತಂದು, ಸಾಲಿನ ಮೇಲೂ ಸುತ್ತಲೂ ಸೊಳ್ಳೆಪರದೆಯ ಹಾಗೆ ಕಟ್ಟಿಬಿಟ್ಟೆ. ಬಳ್ಳಿ ಸೊಂಪಾಗಿ ಹಬ್ಬಿತು. ಹೂ ಬಿಟ್ಟಿತು. ಗಂಡು ಹೂ ಕಾಯಿ ಕೊಡುವುದಿಲ್ಲ, ಬಳ್ಳಿಯ ಸತ್ವ ತಿನ್ನುತ್ತದೆ ಎಂದು ಮೊಬೈಲಿನ ಪಂಡಿತನೊಬ್ಬ ಹೇಳಿದ್ದ. ದಿನಾ ಬೆಳಿಗ್ಗೆ ಅವನ್ನೆಲ್ಲ ಚಿವುಟಿ ಎಸೆದೆ. ಹೆಣ್ಣು ಹೂಗಳ ಬುಡದ ಬೆರಳುದ್ದದ ಮಿಡಿಗಳು ಮಾತ್ರ ಹಳದಿಯಾಗಿ ಉದುರುತ್ತಲೇ ಇದ್ದವು. ಮಜ್ಜಿಗೆ ಸಿಂಪಡಿಸಿದೆ, ಬೂದಿ ಎರಚಿದೆ. ಬಿಸುವಿಗೆ ಒಂದು ತಿಂಗಳಷ್ಟೇ ಉಳಿದಿತ್ತು. ಬಾವನ ನಗು ಕಿವಿಯಲ್ಲೇ ಇತ್ತು.

ಒಂದು ಮುಂಜಾನೆ ಬಲೆಯ ಬಳಿ ಕುಕ್ಕರಗಾಲಲ್ಲಿ ಕೂತಿದ್ದೆ. ಗೋಡೆಯಾಚೆ ಉಗಿದ ಸದ್ದಾಯಿತು.

"ಮದುಮಗನನ್ನು ದಿನಾ ಚಿವುಟಿ ಎಸೀತೀರಿ. ಮದುವೆ ಕುದುರಿಸುವ ಜೇನುನೊಣವನ್ನು ಬಲೆ ಕಟ್ಟಿ ಹೊರಗೆ ಹಾಕಿದ್ದೀರಿ. ಹೆಣ್ಣು ಎಂತ ಮಾಡ್ಬೇಕು ಬಾಲಣ್ಣ, ಒಬ್ಬಳೇ?"

ಗದ್ದ ಮಾಯವಾಯಿತು. ಸ್ವಲ್ಪ ಹೊತ್ತಿನಲ್ಲಿ ನೆಬಿಸಮ್ಮ ನಮ್ಮ ಗೇಟು ತೆಗೆದು ಒಳಗೆ ಬಂದರು. ಅವರು ಇಷ್ಟು ಗಿಡ್ಡ ಎಂದು ನನಗೆ ಗೊತ್ತೇ ಇರಲಿಲ್ಲ. ತಟ್ಟದ ತುದಿಯಲ್ಲಿ ತಮ್ಮ ಬಳ್ಳಿಯ ಮೂರು ಗಂಡು ಹೂ ಕಟ್ಟಿ ತಂದಿದ್ದರು. ಬಲೆಯನ್ನು ಎತ್ತಿ ನುಸುಳಿ, ಹೂವಿನ ಎಸಳು ಕಿತ್ತು, ಒಳಗಿನ ಹುಡಿಯನ್ನು ಮೂರು ಹೆಣ್ಣು ಹೂಗಳ ನಡುವಿಗೆ ಮೆಲ್ಲಗೆ ಒರೆಸಿದರು. ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚುವ ಹಾಗೆ.

"ಬ್ಯಾಂಕಿನಲ್ಲಿ ನಿಮ್ಮನ್ನು ಇಷ್ಟು ವರ್ಷ ಹೇಗೆ ಇಟ್ಟುಕೊಂಡರು, ಪಾಪ!" ಎಂದು ಹೇಳಿ ಹೋದರು.

ಎರಡು ಉದುರಿದವು. ಒಂದು ನಿಂತಿತು.

ಬಿಸುವಿನ ಬೆಳಿಗ್ಗೆ ಕಣಿಯಲ್ಲಿ ನಮ್ಮ ತೆಂಗಿನಕಾಯಿ, ನಾಲ್ಕು ಮೆಣಸು, ಒಂದು ಬದನೆ, ನಡುವೆ ಆ ಸೌತೆಕಾಯಿ. ಅರ್ಧ ಹಳದಿ, ಅರ್ಧ ಹಸಿರು. ಮಧ್ಯಾಹ್ನ ಊಟಕ್ಕೆ ಬಂದ ಬಾವ ಅದನ್ನು ಕೈಯಲ್ಲಿ ಹಿಡಿದು ಹಿತ್ತಲಿಗೆ ನಡೆದ. ಬಳ್ಳಿ ನೋಡಿದ.

"ಸೋತೆ ಬಾವ. ಎಲ್ಲ ಇಲ್ಲಿಯದ್ದೇ, ಅಲ್ವಾ?"

"ಎಲ್ಲ ಇಲ್ಲಿಯದ್ದೇ. ನಾನೊಬ್ಬನೇ ಮಾಡಿದ್ದು," ಎಂದೆ.

ಹೇಳಿ ತಲೆ ಎತ್ತಿದರೆ ಗೋಡೆಯ ಮೇಲೆ ಗದ್ದ. ಆ ಬಾಯಿಯ ಒಂದು ಮಾತು ಸಾಕಿತ್ತು. ನೆಬಿಸಮ್ಮ ನನ್ನನ್ನು ನೋಡಿದರು, ಸೌತೆಕಾಯಿಯನ್ನು ನೋಡಿದರು. ಉಗಿಯಲಿಲ್ಲ. "ಹ್ಞೂಂ" ಕೂಡ ಇಲ್ಲ. ಕಲ್ಲಿನಿಂದ ಇಳಿದು ಹೋದರು. ಅವರು ನನಗೆ ಮಾಡಿದ ತಾತ್ಸಾರಗಳಲ್ಲಿ ಅಷ್ಟು ದೊಡ್ಡದು ಇನ್ನೊಂದಿಲ್ಲ.

ನಾಳೆ ಹೋಗಿ ಮಾತಾಡಬೇಕು ಎಂದುಕೊಂಡೆ. ಆ ನಾಳೆಯನ್ನು ಮಳೆಗಾಲದವರೆಗೆ ಎಳೆದೆ. ಆಟಿ ತಿಂಗಳಲ್ಲಿ ನಾಲ್ಕು ದಿನದ ಜ್ವರದಲ್ಲಿ ನೆಬಿಸಮ್ಮ ತೀರಿಕೊಂಡರು. ಜನ ತುಂಬಿದ ಅವರ ಜಗಲಿಯಲ್ಲಿ ಬಾವನೂ ನನ್ನ ಪಕ್ಕದಲ್ಲಿದ್ದ. ಅಲ್ಲೇ ಅವನಿಗೆ ಸೌತೆಕಾಯಿಯ ಕತೆ ಹೇಳಿದೆ. ಅವನು ನಗಲಿಲ್ಲ.

ಆ ಕಾಯಿಯ ಬೀಜವನ್ನು ಸುಮತಿ ಬೂದಿಯಲ್ಲಿ ಹೊರಳಿಸಿ ತೆಗೆದಿಟ್ಟಿದ್ದಳು. ಮುಂದಿನ ಮಕರದಲ್ಲಿ ಬಿತ್ತಿದೆವು, ಬಲೆ ಕಟ್ಟಲಿಲ್ಲ. ಕೋಳಿಗಳು ಅರ್ಧ ಕೆದಕಿದವು. ಉಳಿದದ್ದರಲ್ಲಿ ಐದು ಕಾಯಿ ಸಿಕ್ಕಿತು. ಬಿಸುವಿನ ಹಿಂದಿನ ದಿನ ಎಲ್ಲಕ್ಕಿಂತ ದೊಡ್ಡದನ್ನು ಗೋಡೆಯ ಮೇಲೆ, ಗದ್ದ ಕೂರುತ್ತಿದ್ದ ಜಾಗದಲ್ಲಿಟ್ಟು ನೆಬಿಸಮ್ಮನ ಮಗಳು ಜೋರಾಳನ್ನು ಕರೆದೆ.

ಅವಳು ಮುರಕಲ್ಲು ಹತ್ತಿ ಬಂದು ಕಾಯಿಯನ್ನು ಕೈಯಲ್ಲಿ ತೂಗಿ ನೋಡಿದಳು.

"ಇಷ್ಟೇಯಾ ಬಾಲಣ್ಣ?" ಎಂದು ಕೇಳಿ, ತಟ್ಟದ ತುದಿಯಲ್ಲಿ ಅದನ್ನು ಒರೆಸಿಕೊಂಡು ಒಳಗೆ ಹೋದಳು.