ಯೋಹಾನಪ್ಪ ಪಾದ್ರಿ ಹೇಳದೆ ಉಳಿದ ಹೆಸರು

ಯೋಹಾನಪ್ಪ ಪಾದ್ರಿಗಳ ದನಿ ಬಹಳ ದೊಡ್ಡದು. ರವಿವಾರ ಅವರು ಪ್ರಾರ್ಥನೆಗೆ ನಿಂತರೆ ಬೈಲಹೊಂಗಲದ ಹತ್ತಿ ಪೇಟೆಯ ಹಮಾಲರಿಗೂ ಕೇಳುತ್ತಿತ್ತು. ಆದರೆ ಸಾಯುವವರ ಮಗ್ಗುಲಲ್ಲಿ ಕುಳಿತಾಗ ಅದೇ ದನಿ ಎಷ್ಟು ಸಣ್ಣದಾಗುತ್ತಿತ್ತೆಂದರೆ, ಮಂಚದ ಈಚೆ ನಿಂತವರಿಗೆ ಅವರ ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷ ನಾನು ಆ ಊರಿಗೆ ಸೊಸೆಯಾಗಿ ಬಂದೆ. ನಮ್ಮವರದು ಹತ್ತಿ ವ್ಯಾಪಾರ. ಪಾದ್ರಿಗಳೂ ಅವರ ಹೆಂಡತಿ ಸಾರಕ್ಕನೂ ನಮ್ಮ ಹಿತ್ತಲ ಗೋಡೆಯ ಆಚೆಗಿನ ಹಂಚಿನ ಮನೆಯಲ್ಲಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಊರಲ್ಲಿ ಕ್ರೈಸ್ತರ ಮನೆಗಳೇ ಬೆರಳೆಣಿಕೆಯಷ್ಟು. ಹಾಗಾಗಿ ಪಾದ್ರಿಗಳ ಹೆಚ್ಚಿನ ಹೊತ್ತು ಹೋಗುತ್ತಿದ್ದುದು ಬೇರೆಯವರ ಮನೆಗಳ ರೋಗಿಗಳ ಹತ್ತಿರ. ಸೈಕಲ್ಲನ್ನು ಕಟ್ಟೆಗೆ ಆನಿಸಿ, ಚಪ್ಪಲಿ ಬೀದಿಯಲ್ಲೇ ಬಿಟ್ಟು, ಹೊಸ್ತಿಲ ಹೊರಗೆ ನಿಂತು ಅವರು ಮೊದಲು ಕೇಳುತ್ತಿದ್ದುದು, "ನಿಮ್ಮ ಮನಿದೇವ್ರು ಯಾರ್ರಿ?"

ನಮ್ಮ ಅತ್ತೆಗೆ ಈ ಪ್ರಶ್ನೆ ಸೇರುತ್ತಿರಲಿಲ್ಲ. "ನಮ್ಮ ದೇವ್ರನ್ನ ತಗೊಂಡು ಆಂವ ಏನ್ ಮಾಡ್ತಾನ? ಜಾತಿ ಕೆಡಸಾಕ ಬಂದಾನ" ಎಂದು ಅವರಿಗೇ ಕೇಳುವ ಹಾಗೆ ಅನ್ನುತ್ತಿದ್ದಳು. ಪಾದ್ರಿಗಳು ನಗುತ್ತಿದ್ದರು. "ಹಂಗಲ್ರಿ ಯವ್ವಾ, ನಾಳೆ ಹೊತ್ತು ಬಂದಾಗ ಯಾರನ್ನ ಕರೀಬೇಕು ಅಂತ ಗೊತ್ತಿರಬೇಕಲ್ಲ."

ಆ ಹೊತ್ತು ಅತ್ತೆಗೇ ಮೊದಲು ಬಂತು. ನಮ್ಮವರು ಮಾಲು ತೆಗೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದರು. ಮಠದ ಅಯ್ಯನವರೂ ಊರಲ್ಲಿರಲಿಲ್ಲ. ಮಧ್ಯಾಹ್ನ ಅತ್ತೆಯ ಉಸಿರು ಮೇಲುಸಿರಾಯಿತು. ನಾನು ಹಿತ್ತಲ ಗೋಡೆಯ ಮೇಲಿಂದ ಕೂಗಿದೆ. ಪಾದ್ರಿಗಳು ಉಣ್ಣುತ್ತಿದ್ದ ಕೈ ತೊಳೆದುಕೊಂಡು ಓಡಿ ಬಂದರು. ಅತ್ತೆಯ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ನೋಡಿ ಕೈ ಹಿಂದಕ್ಕೆ ಕಟ್ಟಿಕೊಂಡರು.

"ತಂಗೆವ್ವ, ಲಿಂಗ ತಗದು ಅವರ ಅಂಗೈಯಾಗ ಇಡ್ರಿ. ಅದನ್ನ ನಾ ಮುಟ್ಟಬಾರದು. ನೀವ ಇಡ್ರಿ."

ನಾನು ಇಟ್ಟೆ. ಅವರು ಬಗ್ಗಿ, ಅತ್ತೆಯ ಉಸಿರಿನ ಏರಿಳಿತಕ್ಕೆ ಸರಿಯಾಗಿ 'ಓಂ ನಮಃ ಶಿವಾಯ' ಎನ್ನತೊಡಗಿದರು. ಬೈಯುತ್ತಿದ್ದ ಆ ಬಾಯಿಯೂ ಅವರ ಜೊತೆ ಅಲ್ಲಾಡಿತು. ಅತ್ತೆ ಹೋದಾಗ ಬೆರಳುಗಳು ಲಿಂಗದ ಮೇಲೆ ಮಡಿಚಿದ್ದವು.

ಮುಂದೊಂದು ದಿನ ನಾನು ಕೇಳಿದೆ, "ಹಿಂಗ ಮಾಡಿದ್ರ ನಿಮ್ಮ ದೇವ್ರು ಸಿಟ್ಟಾಗೂದಿಲ್ಲೇನ್ರಿ?"

"ಜನ್ಮಪೂರ್ತಿ ಆಕಿ ಒಂದ ದಾರಿ ಹಿಡದು ನಡದಾಳ. ಮನಿ ಇನ್ನೇನು ಬಂತು ಅನ್ನೂದರಾಗ ನಾ ಆಕಿ ಕೈ ಹಿಡದು ಬ್ಯಾರೆ ಕಡೆ ಜಗ್ಗಿದ್ರ ಆಕಿ ಎಲ್ಲಿಗೆ ಮುಟ್ಟಬೇಕು, ಹೇಳ್ರಿ? ದಾರಿ ತಪ್ಪಸಾಕ ದೇವ್ರು ನನ್ನ ಕಳಿಸಿಲ್ಲ." "ನಾ ಯೇಸುಸ್ವಾಮಿ ಮನಷ್ಯಾನ ತಂಗೆವ್ವ. ಅದರಾಗ ಫರಕಿಲ್ಲ" ಎಂದರು.

ಹೈದರಾಬಾದ್ ಸೀಮೆಯ ಗಲಾಟೆಯ ಸುದ್ದಿ ದಿನಾ ಬರುತ್ತಿದ್ದ ದಿನಗಳು ಅವು. ಊರಲ್ಲಿ ಏನೂ ಆಗಿರದಿದ್ದರೂ ಮುಸಲ್ಮಾನರ ಓಣಿಗೆ ಹೋಗಲು ಮಂದಿ ಹಿಂಜರಿಯುತ್ತಿದ್ದರು. ಗಾದಿ ತುಂಬುವ ಪಿಂಜಾರ ಖಾದರಸಾಬ ಆಗ ಸಾಯಲು ಬಿದ್ದಿದ್ದ. ಪಾದ್ರಿಗಳು ಹೋಗಿ, ಮಂಚ ತಿರುಗಿಸಿ ಅವನ ಮುಖ ಪಡುವಣಕ್ಕೆ ಮಾಡಿದರು. ಮುಲ್ಲಾ ಸಾಹೇಬರು ಅಂಜಿ ಬಾಗಿಲು ಹಾಕಿಕೊಂಡಿದ್ದರು. ಅವರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನಡುಪೇಟೆಯಲ್ಲೇ ಹಾಯ್ದು ಬಂದರು. "ಕಲಮಾ ನಿಮ್ಮ ಬಾಯಿಂದ ಬರಬೇಕ್ರಿ, ನಾ ಹೇಳಿದ್ರ ಬರೋಬ್ಬರಿ ಆಗೂದಿಲ್ಲ" ಎಂದು ತಾವು ಹೊರಗೆ ಕಟ್ಟೆಯ ಮೇಲೆ ಕುಳಿತರಂತೆ. ಪೇಟೆಯಲ್ಲಿ ಯಾರೋ ಅವರ ಮೇಲೆ ಸೆಗಣಿ ಎಸೆದಿದ್ದರು. ಆ ಅಂಗಿಯನ್ನು ಸಾರಕ್ಕ ಹಿತ್ತಲಲ್ಲಿ ಒಗೆಯುತ್ತ ನನಗೆ ಇದನ್ನೆಲ್ಲ ಹೇಳಿದಳು. ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು.

ಸಾರಕ್ಕನದು ಮಾತು ಕಡಿಮೆ. ಬೆಳಿಗ್ಗೆ ಗಂಡನ ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥನೆ ಮಾಡದೆ ಒಲೆ ಹಚ್ಚುತ್ತಿರಲಿಲ್ಲ. ತವರಿನ ಸುದ್ದಿ ಎಂದೂ ತೆಗೆದವಳಲ್ಲ. ಪ್ಲೇಗಿನಲ್ಲಿ ಮನೆಮಂದಿಯೆಲ್ಲ ಸತ್ತು, ಮಿಷನ್ನಿನವರು ಸಾಕಿದ ಹುಡುಗಿ ಎಂದಷ್ಟೇ ನನಗೆ ಗೊತ್ತಿತ್ತು. ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳು 'ಉಧೋ ಉಧೋ' ಎನ್ನುತ್ತ ನಮ್ಮ ಓಣಿಯಲ್ಲಿ ಹಾಯುವಾಗ ಮಾತ್ರ ಅವಳು ಮಾಡುವ ಕೆಲಸ ಬಿಟ್ಟು ಕಟ್ಟೆಗೆ ಬರುತ್ತಿದ್ದಳು. ಕಡೆಯ ಚಕ್ಕಡಿ ತಿರುವು ದಾಟುವ ತನಕ ನಿಂತಿರುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಅವಳಿಗೆ ವಿಷಮಜ್ವರ ಬಂತು. ಡಾಕ್ಟರರು ಬಂದರು, ಔಷಧಿ ಕೊಟ್ಟರು, ಕಡೆಗೆ ಕೈ ಚೆಲ್ಲಿದರು. ನಾನೇ ಅವಳ ಆರೈಕೆಗೆ ನಿಂತಿದ್ದೆ. ಒಂದು ಮುಂಜಾನೆ ಅವಳು ಕಣ್ಣು ತೆರೆದು ಗಂಡನ ಕೈ ಹಿಡಿದಳು. ಮಾತು ಸ್ಪಷ್ಟವಾಗಿಯೇ ಇತ್ತು.

"ಗುಡ್ಡದವ್ವನ ಹೆಸರು ಹೇಳ್ರಿ. ಉಧೋ ಅನ್ರಿ. ನಮ್ಮವ್ವ ಅಂತಿದ್ಲು."

ಪಾದ್ರಿಗಳು ಅವಳ ತಲೆ ಸವರುತ್ತ ಯೇಸುವಿನ ಪ್ರಾರ್ಥನೆ ಶುರುಮಾಡಿದರು. ಅವಳು ತಲೆ ಅಲ್ಲಾಡಿಸಿದಳು. "ಅದಲ್ರಿ. ಎಲ್ಲಾರಿಗೂ ಹೇಳ್ತೀರಲ್ಲ. ನನಗೂ ಹೇಳ್ರಿ."

ನಾನು ಮನೆಗೆ ಓಡಿದೆ. ನಮ್ಮ ದೇವರ ಜಗುಲಿಯ ಮೇಲೆ ಗುಡ್ಡದಿಂದ ತಂದ ಭಂಡಾರವಿತ್ತು. ಆ ಅರಿಷಿಣದ ಪುಡಿಯನ್ನು ಚಿಟಿಕೆ ಹಣೆಗಿಟ್ಟರೆ ಅವಳ ಜೀವಕ್ಕೆ ಸಮಾಧಾನವಾದೀತು ಎಂದು ಬಟ್ಟಲ ಸಮೇತ ತಂದೆ. ಪಾದ್ರಿಗಳು ಪಡಸಾಲೆಗೆ ಎದ್ದು ಬಂದು, ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದರು.

"ಬ್ಯಾಡ ತಂಗೆವ್ವ."

"ಅಕ್ಕ ಬೇಡಾಕ ಹತ್ತ್ಯಾಳಲ್ರಿ!"

"ಗೊತ್ತೈತಿ."

"ನಮ್ಮ ಅತ್ತೀಗೆ ಹೇಳಿದ್ರಿ. ಖಾದರಸಾಬಗ ಮುಲ್ಲಾನ್ನ ಕರಕೊಂಡು ಬಂದ್ರಿ. ನಿಮ್ಮ ಹೇಣ್ತಿಗೆ ಯಾಕ ಬ್ಯಾಡ್ರಿ?"

ಅವರು ಚೌಕಟ್ಟು ಹಿಡಿದುಕೊಂಡರು. "ಅವರ್ಯಾರೂ ಸತ್ತ ಮ್ಯಾಲೆ ನನಗ ಆಚೀಕಡೆ ಸಿಗಬೇಕಾದವರಲ್ಲ ತಂಗೆವ್ವ. ಈಕಿ ನನಗ ಸಿಗಬೇಕು. ಇಷ್ಟು ವರ್ಷ ಇಬ್ಬರೂ ಒಂದ ದೇವ್ರ ಮುಂದ ಮೊಣಕಾಲೂರಿದಿವಿ. ಈಗ ಈಕಿ ಗುಡ್ಡದ ದಾರಿ ಹಿಡದ್ರ ನಾ ಎಲ್ಲಿ ಹೋಗಿ ಹುಡುಕಲಿ?"

ಒಳಗಿಂದ ಸಾರಕ್ಕ ಇನ್ನೊಮ್ಮೆ ಕರೆದಳು. ಪಾದ್ರಿಗಳು ಹಣೆಯನ್ನು ಬಾಗಿಲಿಗೆ ಒತ್ತಿಕೊಂಡು ನಿಂತರು. ಎಷ್ಟು ಹೊತ್ತೋ ತಿಳಿಯದು. ಆಮೇಲೆ ಒಮ್ಮೆಲೇ ನನ್ನ ಕೈಯಿಂದ ಬಟ್ಟಲು ಕಸಿದುಕೊಂಡು ಒಳಗೆ ಹೋದರು. ನಾನೂ ಹಿಂದೆ ಹೋದೆ.

ಅವಳು ಗೋಡೆಯ ಕಡೆ ತಿರುಗಿದ್ದಳು. ಅವರು ಭಂಡಾರ ಹಚ್ಚಿದರು, ಕಿವಿಗೆ ಬಾಯಿ ಇಟ್ಟು 'ಉಧೋ ಎಲ್ಲವ್ವ' ಎಂದರು. ಅವಳ ಮುಖ ತಮ್ಮತ್ತ ತಿರುಗಿಸಿಕೊಂಡು ಮತ್ತೆ ಅಂದರು. ಆಗಲೇ ಅವಳ ಕಣ್ಣುಗಳು ನಿಂತಿದ್ದವು, ಉಸಿರಿರಲಿಲ್ಲ. ಅವರಿಗೂ ಅದು ತಿಳಿದಿತ್ತು. ಆದರೂ ನಿಲ್ಲಿಸಲಿಲ್ಲ. ದನಿ ಏರುತ್ತ ಹೋಗಿ ಓಣಿಯವರೆಲ್ಲ ಬಂದು ಬಾಗಿಲಲ್ಲಿ ನಿಂತರು. ಪಾದ್ರಿಯ ಬಾಯಲ್ಲಿ ಎಲ್ಲಮ್ಮನ ಹೆಸರು ಕೇಳಿ ಯಾರೂ ನಗಲಿಲ್ಲ.

ಮಣ್ಣಿಗೆ ಬಂದ ಕ್ರೈಸ್ತ ಸಭೆಯ ಹಿರಿಯರು ಹಣೆಯ ಹಳದಿ ನೋಡಿದರು. ಒಬ್ಬರು ಅದನ್ನು ಒರೆಸಲು ವಸ್ತ್ರ ತೆಗೆದರು. ಪಾದ್ರಿಗಳು ಅವರ ಕೈ ಹಿಡಿದು, "ಇರಲಿ ಬಿಡ್ರಿ. ಕೇಳಿದಾಗ ಕೊಡಲಿಲ್ಲ, ಈಗ ಕಸಗೊಬ್ಯಾಡ್ರಿ" ಎಂದರು. ಹಾಗೆಯೇ ಮಣ್ಣಾಯಿತು. ಸಭೆಯವರು ಅವರಿಗೆ ಏನೂ ಅನ್ನಲಿಲ್ಲ. ಕೆಲಸ ಬಿಟ್ಟವರು ಅವರೇ. ಆಮೇಲೆ ಊರಲ್ಲಿ ಯಾರಿಗಾದರೂ ಕಡೆಗಾಲ ಬಂದು ಕರೆಯಲು ಹೋದರೆ, "ಬ್ಯಾರೆಯವರನ್ನ ನೋಡ್ರಿ" ಎಂದು ಬಾಗಿಲ ಒಳಗಿಂದಲೇ ಅನ್ನುತ್ತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಮನೆ ಖಾಲಿ ಮಾಡಿದರು. ಹೋಗುವ ದಿನ ನಮ್ಮ ಮನೆಗೆ ಬಂದು ಒಂದು ತಂಬಿಗೆ ನೀರು ಕುಡಿದು ಹೋದರು. ಎಲ್ಲಿಗೆ ಎಂದು ಹೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಮಗಳ ಜವಳದ ಮುಡಿ ತೆಗೆಸಲು ನಾವು ಗುಡ್ಡಕ್ಕೆ ಹೋದೆವು. ಸವದತ್ತಿಯ ಬಸ್ ನಿಲ್ದಾಣದಲ್ಲಿ ಅವರು ಕಂಡರು. ಗಡ್ಡ ಬೆಳೆದಿತ್ತು, ಮೈ ಅರ್ಧವಾಗಿತ್ತು. ಗುಡ್ಡದ ಬುಡದ ಹಳ್ಳಿಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದು ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರಂತೆ.

"ಆಕಿ ಹುಟ್ಟಿದ ಮನಿ ಹುಡಕಾಕ ಬಂದೆ ತಂಗೆವ್ವ. ರೇಣವ್ವ ಅಂತ ಆಕಿ ಮೊದಲಿನ ಹೆಸರು. ಯಾರಿಗೂ ನೆಪ್ಪಿಲ್ಲ. ಪ್ಲೇಗಿನಾಗ ಆ ಓಣಿನ ಹೋಗೇತಂತ."

"ಗುಡ್ಡ ಏರೀರೇನ್ರಿ?"

"ಇಲ್ಲ. ನನಗ ಆಕಿ ಮ್ಯಾಲೆ ನಂಬಿಕಿ, ಗುಡ್ಡದ ಮ್ಯಾಲಿಲ್ಲ. ನಾ ಏರಿದ್ರ ಅವ್ವಗೂ ಸುಳ್ಳು, ಯೇಸುಗೂ ಸುಳ್ಳು." ಮಗಳ ಗಲ್ಲ ಮುಟ್ಟಿದರು. "ದಿನಾ ಬೆಳಿಗ್ಗೆ ನನ್ನ ಪ್ರಾರ್ಥನಾ ನಾ ಮಾಡ್ತೇನಿ. ಆಮ್ಯಾಲೆ ಕೇಳ್ತೇನಿ, ಸ್ವಾಮಿ, ಆಕಿ ಎಲ್ಲೆ ಇದ್ರೂ ನನ್ನ ಅಲ್ಲೇ ಕಳಸು ಅಂತ. ಹಂಗ ಕೇಳಬಹುದೋ ಇಲ್ಲೋ ಗೊತ್ತಿಲ್ಲ."

ನಮ್ಮ ಜೊತೆ ಬೈಲಹೊಂಗಲಕ್ಕೆ ಬರ್ರಿ ಎಂದು ನಮ್ಮವರು ಕೈ ಹಿಡಿದು ಕರೆದರು. ಬರಲಿಲ್ಲ. ಮುಂದಿನ ವರ್ಷ ಹುಣ್ಣಿಮೆಗೆ ಗುಡ್ಡಕ್ಕೆ ಹೋದ ನಮ್ಮ ಓಣಿಯವರು ಸುದ್ದಿ ತಂದರು. ಪಾದ್ರಿಗಳು ಚಳಿಗಾಲದಲ್ಲೇ ತೀರಿಹೋದರಂತೆ. ಪಾಠಕ್ಕೆ ಬಂದ ಮಕ್ಕಳು ಖೋಲಿಯ ಬಾಗಿಲು ನೂಕಿ ನೋಡಿದ್ದರಂತೆ.

ಹತ್ತಿರ ಯಾರಾದರೂ ಇದ್ದರೇ ಎಂದು ನಾನು ಕೇಳಿದೆ.

ಯಾರೂ ಇರಲಿಲ್ಲವಂತೆ.