ಎಕ್ಸ್‌ಗಿಂತ ಸೈನ್ ಎಕ್ಸ್ ಚಿಕ್ಕದು

ದೇಶದ ರಾಜಧಾನಿಯ ನಮ್ಮ ಕನ್ನಡ ಶಾಲೆಯಲ್ಲಿ ವೈಜಯಂತಿ ಹನ್ನೆರಡನೆಯ ತರಗತಿಗೆ ಹೊಸದಾಗಿ ಬಂದ ದಿನ ನಾನು ಕರಿಹಲಗೆಯ ಮೇಲೆ ಒಂದು ಅಸಮತೆಯನ್ನು ಸಾಧಿಸುತ್ತಿದ್ದೆ. ಎಕ್ಸ್ ಧನಸಂಖ್ಯೆಯಾದರೆ ಸೈನ್ ಎಕ್ಸ್ ಅದಕ್ಕಿಂತ ಚಿಕ್ಕದು. ಎರಡರ ವ್ಯತ್ಯಾಸದ ಅವಕಲನ, ಅಂದರೆ ಡೆರಿವೇಟಿವ್, ತೆಗೆದು ಮೂರೇ ಸಾಲಿನಲ್ಲಿ ಮುಗಿಸಿದೆ.

ಅವಳು ಎದ್ದು ನಿಂತಳು. "ಸರ್, ಸೈನಿನ ಅವಕಲನ ಕಾಸ್ ಅಂತ ಹೇಗೆ ಗೊತ್ತು?"

"ಡಾಕ್ಟರ್ ಸಾಹಿಬಾ, ಬೈಠ್ ಜಾವೊ," ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಅವಳಿಗೆ ಕೂರಲು ಹೇಳಿ ಎಲ್ಲರನ್ನೂ ನಗಿಸಿದ.

"ಸೂತ್ರ ಇದೆಯಲ್ಲಮ್ಮ. ಪರೀಕ್ಷೆಗೆ ಅಷ್ಟು ಸಾಕು," ಎಂದೆ.

"ಅಚ್ಛಾ, ಸರ್," ಎಂದು ಕುಳಿತಳು.

ಅವಳ ತಂದೆ ಹನುಮಂತರಾಯರು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. ಮಗಳು ಎಂ.ಎಸ್ಸಿ. ಮುಗಿಸಿದ ವರ್ಷವೇ ಅವರ ನಿವೃತ್ತಿ. ಸಂಶೋಧನೆಗೆ ಸೀಟು ಸಿಗದಿದ್ದರೆ ಅವಳು ಕೆಲಸ ಹಿಡಿಯಬೇಕೆಂದು ಮನೆಯಲ್ಲಿ ಮಾತಾಗಿತ್ತು. ಹೌಜ್ ಖಾಸ್‌ನ ತಾಂತ್ರಿಕ ಸಂಸ್ಥೆಯಲ್ಲಿ ಆ ಸೀಟಿನ ಸಂದರ್ಶನ ಮುಗಿಸಿ ನೇರವಾಗಿ ನಮ್ಮ ಮನೆಗೆ ಬಂದಳು.

"ಏನು ಕೇಳಿದರು?"

"ಎಕ್ಸ್‌ಗಿಂತ ಸೈನ್ ಎಕ್ಸ್ ಚಿಕ್ಕದು ಅಂತ ಸಾಧಿಸಿ ಅಂದರು. ಇಷ್ಟೇನಾ ಅನ್ನಿಸಿತು, ಸರ್. ಮೂರು ಸಾಲು ಬರೆದೆ. ಸೈನಿನ ಅವಕಲನ ಎಲ್ಲಿಂದ ಬಂತು ಅಂದರು. ಹಿಂದೆ ಹಿಂದೆ ಹೋಗುತ್ತಾ ಅದೇ ಅಸಮತೆಗೆ ಬಂದು ನಿಂತೆ. ಸಾಧಿಸಬೇಕಾದದ್ದನ್ನೇ ಆಧಾರ ಮಾಡಿಕೊಂಡಿದ್ದೀರಿ ಅಂದರು. ಆಮೇಲೆ ಬೇರೆ ಏನೂ ಕೇಳಲಿಲ್ಲ."

ವೃತ್ತ ಎಳೆದು, ತ್ರಿಕೋನ ಮತ್ತು ತ್ರಿಜ್ಯಾಂತರ ಖಂಡಗಳ ವಿಸ್ತೀರ್ಣ ಹೋಲಿಸಿದ್ದರೆ ಸಾಕಿತ್ತು. ಅದನ್ನು ನಾನು ತರಗತಿಯಲ್ಲಿ ತೋರಿಸಿರಲಿಲ್ಲ. ಅವಳು ಚಹಾ ಕುಡಿದು, ಲೋಟ ತೊಳೆದಿಟ್ಟು ಹೊರಟಳು.

"ಮುಂದಿನ ವರ್ಷ ಮತ್ತೆ ನೋಡಮ್ಮ," ಎಂದೆ.

"ಜೂನ್‌ನಲ್ಲಿ ಅಪ್ಪನ ಸರ್ಕಾರಿ ಕ್ವಾರ್ಟರ್ಸ್ ಬಿಡಬೇಕು, ಸರ್."

ಕಳೆದ ಚಳಿಗಾಲದಲ್ಲಿ ಮುಖರ್ಜಿ ನಗರಕ್ಕೆ ಹೋಗಿ, ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಅವಳು ಪಾಠ ಮಾಡುವ ಕೋಚಿಂಗ್ ಕೇಂದ್ರದಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತೆ. ನೆಲಮಾಳಿಗೆಯ ಕೋಣೆ, ಇನ್ನೂರು ಮಕ್ಕಳು. "ಎಕ್ಸ್ ಜಾಗಕ್ಕೆ ಮೂವತ್ತು ಡಿಗ್ರಿ ಹಾಕಿ. ನಾಲ್ಕರಲ್ಲಿ ಹೊಂದದ ಉತ್ತರ ಹೊಡೆದುಹಾಕಿ. ಚಲೋ, ಮುಂದಿನದು," ಎಂದು ಹಿಂದಿಯಲ್ಲಿ ಹೇಳುತ್ತಿದ್ದಳು. ಒಬ್ಬ ಹುಡುಗಿ ಎದ್ದು, ಉಳಿದ ಉತ್ತರ ಎಲ್ಲ ಕೋನಕ್ಕೂ ನಿಜವೆಂದು ಹೇಗೆ ಗೊತ್ತು ಎಂದು ಕೇಳಿದಳು.

ವೈಜಯಂತಿ ನನ್ನ ಕಡೆ ನೋಡಲಿಲ್ಲ. "ಪರೀಕ್ಷೆಗೆ ಅಷ್ಟು ಸಾಕು," ಎಂದಳು.

ಆಮೇಲೆ ಹೊರಗೆ ನಿಂತಾಗ ಹೇಳಿದಳು: "ಮೊದಲ ವಾರ ವೃತ್ತ ಎಳೆದು ತೋರಿಸಿದೆ, ಸರ್. ಒಂದು ಲೆಕ್ಕಕ್ಕೆ ನಲವತ್ತು ಸೆಕೆಂಡು, ಮೇಡಂ, ಅಂದರು ಮಾಲೀಕರು."

ಈಗ ದಿನಕ್ಕೆ ಮೂರು ಬ್ಯಾಚ್ ತೆಗೆದುಕೊಳ್ಳುತ್ತಾಳೆ. ಸಂಶೋಧನೆಯ ಅರ್ಜಿಯನ್ನು ಮತ್ತೆ ತುಂಬಿಲ್ಲ.