ಶಾಲಾಗಿ ಹೋದ ಟೇಬಲ್ ರನ್ನರ್

ಆ ದಿನ ಸನ್ಮಾನದ ತಟ್ಟೆಯಲ್ಲಿ ಟೇಬಲ್ ರನ್ನರ್ ಇಟ್ಟವರು ಯಾರು ಎಂಬುದು ನನಗೆ ಇವತ್ತಿಗೂ ಖಚಿತವಿಲ್ಲ. ನನ್ನ ಬಳಿ ಕಸೂತಿ ಕಲಿತ ಹನುಮಕ್ಕ ಇಟ್ಟರೆಂದು ನನ್ನ ನೆನಪು. ನಾನೇ ಇಟ್ಟೆನೆಂದು ಹನುಮಕ್ಕನ ನೆನಪು. ಚಿತ್ತಾರ ಎದ್ದು ಕಾಣುತ್ತಿತ್ತು, ನೀವಿಬ್ಬರೂ ಗಮನಿಸಲಿಲ್ಲ ಅಷ್ಟೆ ಎನ್ನುವವರೂ ಇದ್ದಾರೆ. ನಾಲ್ಕೇ ವರ್ಷದ ಹಿಂದಿನ ಮಾತು. ಆದರೂ ಹಲವು ಸಲ ಹೇಳಿ ಹೇಳಿ, ನಡೆದದ್ದೆಷ್ಟು, ನಾನು ಸೇರಿಸಿದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟವಾಗಿದೆ.

ಜವಳಿ ತಂತ್ರಜ್ಞಾನದ ಅಧ್ಯಾಪಕನಾಗಿ ನಿವೃತ್ತನಾದ ಮರುವರ್ಷ, ಮನೆಯಲ್ಲಿ ಸುಮ್ಮನೆ ಕೂರಲಾರದೆ, ಮೊಳಕಾಲ್ಮುರಿನ ಒಂದು ತರಬೇತಿ ಕೇಂದ್ರಕ್ಕೆ ಮೂರು ತಿಂಗಳ ಮಟ್ಟಿಗೆ ಶಿಕ್ಷಕನಾಗಿ ಹೋದೆ. ಕಲಿಸಬೇಕಿದ್ದದ್ದು ಸ್ವೀಡಿಷ್ ವೀವಿಂಗ್. ಹೆಸರಿನಲ್ಲಿ ನೇಯ್ಗೆ ಇದ್ದರೂ ಇದು ಕಸೂತಿ. ಹಕ್ ಎಂಬ ಹತ್ತಿ ಬಟ್ಟೆಯ ಮೇಲ್ಮೈಯಲ್ಲಿ ಕೆಲವು ಎಳೆಗಳು ಸಾಲಾಗಿ, ತುಸು ಸಡಿಲವಾಗಿ ಎದ್ದಿರುತ್ತವೆ. ಅವಕ್ಕೆ ಫ್ಲೋಟ್ ಎಂದು ಹೆಸರು. ಮೊಂಡು ಸೂಜಿಯನ್ನು ಆ ಫ್ಲೋಟ್‌ಗಳ ಅಡಿಯಲ್ಲಿ ತೂರಿಸುತ್ತ ಬಣ್ಣದ ದಾರ ಎಳೆಯಬೇಕು. ಸೂಜಿ ಬಟ್ಟೆಯನ್ನು ಚುಚ್ಚಿ ಆಚೆಗೆ ಹೋಗುವುದೇ ಇಲ್ಲ. ಹೀಗಾಗಿ ಮೇಲೆ ಎಷ್ಟೇ ಚಿತ್ತಾರವಿದ್ದರೂ ಹಿಂಬದಿ ಪೂರ್ತಿ ಬೋಳು.

ಹನುಮಕ್ಕ ದೇವಸಮುದ್ರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅದಕ್ಕೆ ಮೊದಲು ರೇಷ್ಮೆ ಮಗ್ಗದ ಮನೆಗಳಲ್ಲಿ ನೂಲು ಸುತ್ತುವ ಕೂಲಿ ಮಾಡಿದವರು. ಹದಿನಾಲ್ಕು ಇಂಚು ಅಗಲ, ಎಪ್ಪತ್ತೆರಡು ಇಂಚು ಉದ್ದದ ಬಟ್ಟೆ ಹಿಡಿದು, ಇದೇ ಟೇಬಲ್ ರನ್ನರ್, ಇದನ್ನು ಊಟದ ಮೇಜಿನ ನಡುವೆ ಉದ್ದಕ್ಕೆ ಹಾಸುತ್ತಾರೆ ಎಂದು ಮೊದಲ ದಿನ ನಾನು ವಿವರಿಸಿದಾಗ ಅವರು ನಕ್ಕುಬಿಟ್ಟರು.

“ಮೇಜಿಗೆ ಶಲ್ಯ ಹೊದಿಸ್ತಾರಾ ಸಾರ್? ಅದಕ್ಕೂ ಸನ್ಮಾನನಾ?”

ಕುದಾಪುರದ ಕಡೆಯ ಒಂದು ಸಂಶೋಧನಾ ಕ್ಯಾಂಪಸ್ಸಿನ ಅತಿಥಿಗೃಹದವರು, ಮಾದರಿ ಹಿಡಿಸಿದರೆ ಆರ್ಡರ್ ಕೊಡುತ್ತೇವೆ ಎಂದಿದ್ದರು. ಆರ್ಡರ್ ಸಿಕ್ಕರೆ ಕೇಂದ್ರ ಮುಂದುವರಿಯುತ್ತಿತ್ತು, ಮುಂದಿನ ತಂಡಕ್ಕೆ ಹನುಮಕ್ಕನೇ ಶಿಕ್ಷಕಿ. ಇಲ್ಲವಾದರೆ ಕೇಂದ್ರಕ್ಕೆ ಬೀಗ, ಅವರಿಗೆ ಮತ್ತೆ ಕೂಲಿ. ಮಾದರಿಯಾಗಿ ಪೂರ್ತಿಗೊಂಡಿದ್ದದ್ದು ಅವರದೊಂದೇ ರನ್ನರ್: ನೀಲಿ, ಕೆಂಪು ದಾರದಲ್ಲಿ ಗುಡ್ಡದ ಸಾಲಿನಂಥ ಏರಿಳಿತ. ಅದಕ್ಕೆ ಅವರು ಆ ಕಡೆಯ ಬೆಟ್ಟದ ಹೆಸರನ್ನೇ, ಬ್ರಹ್ಮಗಿರಿ ಎಂದು ಇಟ್ಟಿದ್ದರು. ಅದನ್ನು ಕುದಾಪುರಕ್ಕೆ ಒಯ್ಯುವ ಹಿಂದಿನ ದಿನವೇ ತರಬೇತಿಯ ಸಮಾರೋಪವಿತ್ತು.

ಮುಖ್ಯ ಅತಿಥಿ ಚಳ್ಳಕೆರೆಯ ಎಣ್ಣೆ ಗಿರಣಿ ಮಾಲೀಕರಾದ ರುದ್ರಪ್ಪ, ಕೇಂದ್ರಕ್ಕೆ ಫ್ಯಾನು ಹಾಕಿಸಿಕೊಟ್ಟವರು. ಶಾಲು ತರಲು ಚಳ್ಳಕೆರೆಗೆ ಹೋಗಿದ್ದ ಲಕ್ಷ್ಮಕ್ಕ ಎಂಬ ಇನ್ನೊಬ್ಬ ಕಲಿಕಾರ್ಥಿ ಇನ್ನೂ ಬಂದಿರಲಿಲ್ಲ. ಅದು ನಮಗೆ ಗೊತ್ತಿರಲಿಲ್ಲ. ತಟ್ಟೆಯಲ್ಲಿ ಹಾರದ ಪಕ್ಕ ಬಿಳಿ ಬಟ್ಟೆಯ ಮಡಿಕೆಯೊಂದು ಇತ್ತು, ಅದೇ ಶಾಲು ಎಂದುಕೊಂಡೆವು. ದೂಳು ಕೂರಬಾರದೆಂದು ಹನುಮಕ್ಕ ರನ್ನರನ್ನು ಚಿತ್ತಾರ ಒಳಗೆ ಬರುವಂತೆ ಮಡಿಸಿಟ್ಟಿದ್ದರು. ಯಾರೋ ಅತಿಥಿಗಳ ಹಣೆಗೆ ಕುಂಕುಮವಿಟ್ಟು, ಅದನ್ನು ಎತ್ತಿ ಮಡಿಕೆ ಬಿಚ್ಚದೆ ಹಾಗೆಯೇ ಅವರ ಹೆಗಲಿಗೆ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಹನುಮಕ್ಕನೂ ತಟ್ಟಿದರು.

ರುದ್ರಪ್ಪನವರ ಕಾರು ಹೋದ ಮೇಲೆ ಲಕ್ಷ್ಮಕ್ಕ ಏದುಸಿರು ಬಿಡುತ್ತ ಬಂದರು. “ಬಸ್ಸು ಕೆಟ್ಟು ನಿಂತಿತ್ತು ಸಾರ್. ತಗಳ್ರಿ ಶಾಲು.”

“ಹಂಗಾರೆ ಅವರಿಗೆ ಹೊದ್ಸಿದ್ದೇನು?” ಎಂದು ಯಾರೋ ಕೇಳಿದರು.

ಹನುಮಕ್ಕ ಖಾಲಿ ತಟ್ಟೆ ನೋಡಿ, ತಮ್ಮ ರನ್ನರ್‌ಗಾಗಿ ಸುತ್ತಲೂ ಹುಡುಕಿದರು. “ಅಯ್ಯೋ ದೇವುಡಾ, ಬ್ರಹ್ಮಗಿರೀನೇ ಹೊತ್ಕಂಡ್ ಹೋದ್ರಲ್ಲ!” ಎಂದರು ಲಕ್ಷ್ಮಕ್ಕ.

ಫೋನ್ ಮಾಡಿ ಕೇಳೋಣ ಎಂದೆ. “ಬ್ಯಾಡ್ರಿ ಸಾರ್,” ಎಂದರು ಹನುಮಕ್ಕ. “ಸಭೇಲಿ ಹೊದ್ಸಿದ್ದನ್ನ ವಾಪಸ್ ಕೇಳಾದು ಅಂದ್ರೆ ಮರ್ಯಾದೆ ಕಿತ್ಕಂಡಂಗೆ.” ಇಂಥ ಕಟ್ಟುಪಾಡುಗಳಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಕೈಗೆತ್ತಿಕೊಂಡ ಫೋನನ್ನು ಮತ್ತೆ ಜೇಬಿಗಿಟ್ಟೆ.

ಮರುದಿನ ಬೆಳಿಗ್ಗೆ ಹೊಸ ಶಾಲು ಹಿಡಿದು ಇಬ್ಬರೂ ಚಳ್ಳಕೆರೆಯ ಬಸ್ಸು ಹತ್ತಿದೆವು. ಮಧ್ಯಾಹ್ನದೊಳಗೆ ಕುದಾಪುರ ಮುಟ್ಟಬೇಕಿತ್ತು. ರುದ್ರಪ್ಪ ಸಂಭ್ರಮದಿಂದ ಒಳಗೆ ಕರೆದು ಕಾಫಿ ಕೊಡಿಸಿದರು. ನಾನು ಹವೆ, ಶೇಂಗಾ ಬೆಳೆ ಎಂದು ಏನೇನೋ ಮಾತಾಡಿದೆ. ಹನುಮಕ್ಕನ ಕಣ್ಣು ಹಿತ್ತಿಲಿನ ತಂತಿಯ ಮೇಲಿತ್ತು. ರನ್ನರ್ ಅಲ್ಲಿ ಒಣಗುತ್ತಿತ್ತು.

“ನಿನ್ನೆ ಸಂಜೆನೇ ಬಿಸಿನೀರಲ್ಲಿ ಸೋಪಾಕಿ ಕುಕ್ಕಿ ಒಗ್ದೆ,” ಎಂದರು ರುದ್ರಪ್ಪನವರ ಹೆಂಡತಿ ಗೌರಮ್ಮ. “ಹಾರದ ನೀರು, ಇವರ ಬೆವರು. ಮಡಿಕೆ ಬಿಚ್ಚಿದ್ರೆ ಒಳಗಡೆ ಎಷ್ಟು ಚಂದೈತೆ! ಕುಂಕುಮದ ಕಲೆ ಒಂದು ಮಾತ್ರ ಹೋಗ್ಲಿಲ್ಲ ನೋಡವ್ವ.”

ಹನುಮಕ್ಕ ಎದ್ದು ಹೋಗಿ ಸಾಲುಸಾಲಾಗಿ ಬೆರಳಾಡಿಸಿದರು. ಒಂದು ದಾರವೂ ಜಾರಿರಲಿಲ್ಲ. ತಿರುಗಿ ಬಂದು, “ಯಜಮಾನ್ರೇ, ತಪ್ಪು ತಿಳ್ಕಬ್ಯಾಡ್ರಿ. ಅದು ಶಾಲಲ್ಲ,” ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು.

ರುದ್ರಪ್ಪ ಬೆರಗಾದರು. “ಅಂದ್ರೆ, ಮೇಜಿನ ಬಟ್ಟೆ ಹೊದ್ಸಿ ಚಪ್ಪಾಳೆ ಹೊಡೆದ್ರಾ?”

“ಮನೇಲಿ ಮೇಜಿನಂಗೇ ಕುಂತಿರ್ತೀರಲ್ಲ, ಸರಿಯಾಗೇ ಹೊದ್ಸ್ಯಾರೆ ಬಿಡ್ರಿ,” ಎಂದರು ಗೌರಮ್ಮ.

ನಕ್ಕು ಸುಸ್ತಾದ ಮೇಲೆ ರುದ್ರಪ್ಪ ಗಂಭೀರರಾದರು. “ಹೊದ್ಸಿದ್ದನ್ನ ವಾಪಸ್ ಕೊಡೋ ಪದ್ಧತಿ ನಮ್ಮಲ್ಲಿಲ್ಲ ತಾಯಿ. ಆದ್ರೆ ನಾವು ಇನ್ನೊಬ್ಬರಿಗೆ ಹೊದ್ಸಬಾರ್ದು ಅಂತ ಯಾರೂ ಅಂದಿಲ್ಲ. ಗೌರಿ, ತಾರೇ ಇಲ್ಲಿ.”

ಗೌರಮ್ಮ ಹನುಮಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಹಣೆಗೆ ಕುಂಕುಮವಿಟ್ಟು, ರನ್ನರನ್ನು ಚಿತ್ತಾರ ಮೇಲೆ ಬರುವಂತೆ ಹೊದಿಸಿದರು. ಚಪ್ಪಾಳೆ ತಟ್ಟಲು ರುದ್ರಪ್ಪ ಮತ್ತು ನಾನು ಇಬ್ಬರೇ ಇದ್ದೆವು. ಹನುಮಕ್ಕ ತಲೆ ಎತ್ತಲಿಲ್ಲ. ತಂದಿದ್ದ ಶಾಲನ್ನು ರುದ್ರಪ್ಪನವರಿಗೆ ಹೊದಿಸಿ ಹೊರಟೆವು.

ಕುದಾಪುರದಲ್ಲಿ ಅತಿಥಿಗೃಹದ ವ್ಯವಸ್ಥಾಪಕರು ರನ್ನರನ್ನು ಮೇಜಿನ ಮೇಲೆ ಹಾಸಿ ನೋಡಿ ಕೇಳಿದ ಮೊದಲ ಪ್ರಶ್ನೆ: “ವಾಶ್ ಮಾಡಿದ್ರೆ ದಾರ ಕಿತ್ತು ಬರುತ್ತಾ?”

“ಬಿಸಿನೀರಲ್ಲಿ ಸೋಪಾಕಿ ಕುಕ್ಕಿ ಒಗ್ದೈತೆ ಸಾರ್. ಬೇಕಾರೆ ಎಳ್ದು ನೋಡ್ರಿ,” ಎಂದರು ಹನುಮಕ್ಕ. ವ್ಯವಸ್ಥಾಪಕರು ನಿಜಕ್ಕೂ ಎಳೆದು ನೋಡಿದರು. ಆರ್ಡರ್ ಸಿಕ್ಕಿತು.

ವರ್ಷಗಟ್ಟಲೆ ಪಾಠ ಮಾಡಿದ ಪ್ರಯೋಗಾಲಯದ ಪರೀಕ್ಷೆಯ ಬೆಲೆಯನ್ನು ನಾನು ಈಗಲೂ ಕಡಿಮೆ ಮಾಡುವುದಿಲ್ಲ. ಆದರೆ ಬಟ್ಟೆಯೊಂದು ಯಾರದೋ ಮನೆಗೆ ಹೋಗಿ, ಒಗೆಸಿಕೊಂಡು, ಒಣಗಿ ಬರುವ ತನಕ ಅದರ ಮಾದರಿ ಪೂರ್ತಿಯಾಗಿಲ್ಲ ಎಂಬುದನ್ನು ನನಗೆ ಕಲಿಸಿದ್ದು ಆ ಮೂರು ತಿಂಗಳ ಕೆಲಸ. ಆ ಗಂಡಹೆಂಡಿರಿಗೆ ನಾನು ಋಣಿ.

ಮೊನ್ನೆ ಕೇಂದ್ರಕ್ಕೆ ಹೋಗಿದ್ದೆ. ಶಿಕ್ಷಕಿ ಹನುಮಕ್ಕ ಹೊಸಬರಿಗೆ ಅದೇ ರನ್ನರ್ ತೋರಿಸುತ್ತಿದ್ದರು. “ಸಾರ್ ಬಂದ್ರು, ತಟ್ಟೆ ಬಚ್ಚಿಡ್ರಮ್ಮ,” ಎಂದರು. ನಾನು ರನ್ನರ್ ಕೇಳಿ ಪಡೆದು ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದೆ. ಚಿತ್ತಾರದ ಬದಿಯಲ್ಲಿ ಕಲೆಯಿಲ್ಲ. ಬೋಳು ಬದಿಯಲ್ಲಿ, ಅಂಚಿನ ಹತ್ತಿರ, ಬೆರಳಿನಗಲದ ಒಂದು ತಿಳಿಗೆಂಪು ಕುಂಕುಮದ ಗುರುತಿದೆ. ಯಾರ ಬೆರಳೋ ಹೇಳಲಾರೆ. ಆದರೆ ಚಿತ್ತಾರ ಎದ್ದು ಕಾಣುತ್ತಿತ್ತು ಎನ್ನುವವರು ಏನೇ ಅನ್ನಲಿ, ಅಂದು ಹೊರಗಿದ್ದದ್ದು ಬೋಳು ಬದಿಯೇ.